ಅಕ್ಕಿ ಉಣ್ಣುವ ಊರಲ್ಲಿ ಗೋಧಿ ಬಿಟ್ಟ ಹದಿನಾರು ತಿಂಗಳು

ಮೂರು ವರ್ಷ ಕಬ್ಬಿಣಾಂಶದ ಗುಳಿಗೆ ನುಂಗಿದರೂ ನನ್ನ ಹಿಮೋಗ್ಲೋಬಿನ್ 8.4ರ ಆಸುಪಾಸು ಬಿಟ್ಟು ಮೇಲೇಳಲಿಲ್ಲ. ಮುಟ್ಟಿನ ಸ್ರಾವ ಹೆಚ್ಚಿರಬೇಕು ಎಂದರು, ಜಂತುಹುಳು ಇರಬೇಕು ಎಂದರು, ಸೊಪ್ಪು ತಿನ್ನುವುದು ಸಾಲದು ಎಂದರು. ಎರಡು ಸಲ ಸಲೈನಿನಲ್ಲಿ ಕಬ್ಬಿಣ ಏರಿಸಿದಾಗ 11 ದಾಟಿತು, ನಾಲ್ಕೇ ತಿಂಗಳಲ್ಲಿ ಮತ್ತೆ ಇಳಿಯಿತು. ನರದಿಂದ ಕೊಟ್ಟರೆ ಏರುತ್ತದೆ, ಬಾಯಿಂದ ಕೊಟ್ಟರೆ ಏರುವುದಿಲ್ಲ ಅಂದರೆ ಕರುಳು ಹೀರಿಕೊಳ್ಳುತ್ತಿಲ್ಲ ಎಂದು ಅರ್ಥ. ಇದನ್ನು ಮೊದಲು ಗುರುತಿಸಿದವರು ಶಿರಸಿಗೆ ಹೊಸದಾಗಿ ಬಂದಿದ್ದ ಒಬ್ಬ ಕಿರಿಯ ವೈದ್ಯೆ. ಆಗಾಗ ಏಳುವ ಬಾಯಿಹುಣ್ಣು, ಹೊಟ್ಟೆ ಉಬ್ಬರ, ಬೆಳಿಗ್ಗೆ ಎರಡು ಮೂರು ಸಲ ತೆಳುವಾಗಿ ಹೋಗುವುದು, ಮೂಳೆ ನೋವು ಎಲ್ಲವನ್ನೂ ಸೇರಿಸಿ ನೋಡಿ ‘ಸೀಲಿಯಾಕ್ ಪರೀಕ್ಷೆ ಮಾಡಿಸಿ’ ಎಂದು ಚೀಟಿ ಬರೆದರು.

ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ, ಅದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರ ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯ ಕಂಡಿತು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಕಾಯಿಲೆಗೆ ಬೇಕಾದ ವಂಶವಾಹಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಜನರಲ್ಲಿದೆ. ವ್ಯತ್ಯಾಸ ತಿನ್ನುವ ಗೋಧಿಯಲ್ಲಿ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಒಳಗೆ ಹೋದಾಗ ಇಂಥವರ ರೋಗನಿರೋಧಕ ಶಕ್ತಿ ತನ್ನದೇ ಸಣ್ಣಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅನ್ನದ ಸತ್ವ ಹೀರುವ ವಿಲ್ಲೈ ಎಂಬ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ ಹೀರುವುದು ಸಣ್ಣಕರುಳಿನ ಮೊದಲ ಭಾಗ, ಪೆಟ್ಟು ಮೊದಲು ಬೀಳುವುದೂ ಅಲ್ಲಿಗೇ. ನಮ್ಮ ಮನೆಯಲ್ಲಿ ಮಧ್ಯಾಹ್ನ ಅನ್ನವೇ ಆದರೂ ರಾತ್ರಿ ಚಪಾತಿ, ವಾರಕ್ಕೆ ಎರಡು ದಿನ ಉಪ್ಪಿಟ್ಟು, ಸಂಜೆ ಆಸ್ರಿಗೆ (ಚಹಾ, ಕಾಫಿ) ಜೊತೆ ಬಿಸ್ಕೀಟು ಹತ್ತು ವರ್ಷದಿಂದ ರೂಢಿಯಾಗಿತ್ತು.

ರಕ್ತಪರೀಕ್ಷೆ ಸುಲಭ. ಕೇಳಬೇಕಾದದ್ದು ಎರಡು: ಈ ಕಾಯಿಲೆಯಲ್ಲಿ ಏರುವ ಪ್ರತಿಕಾಯವನ್ನು ಅಳೆಯುವ ಟಿಟಿಜಿ ಐಜಿಎ, ಜೊತೆಗೆ ಒಟ್ಟು ಐಜಿಎ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನರಿಗೆ ಐಜಿಎ ಎಂಬ ಪ್ರತಿಕಾಯವೇ ಹುಟ್ಟಿನಿಂದ ಕೊರತೆ ಇರುತ್ತದೆ. ಅಂಥವರಿಗೆ ಟಿಟಿಜಿ ಮಾತ್ರ ಮಾಡಿದರೆ ಕಾಯಿಲೆ ಇದ್ದೂ ‘ಇಲ್ಲ’ ಎಂದು ಬರುತ್ತದೆ. ಉಪವಾಸ ಬೇಕಿಲ್ಲ. ಶಿರಸಿಯಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು, ವರದಿ ಐದು ದಿನಕ್ಕೆ ಬಂತು. ಎರಡೂ ಸೇರಿ ನನಗೆ 2,100 ರೂಪಾಯಿ ಆಯಿತು. ಆ ಲ್ಯಾಬಿನ ಮಿತಿ 10, ನನ್ನ ಟಿಟಿಜಿ 68. ಈ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ ಅಳತೆಯಲ್ಲಿ ಬರುತ್ತದೆ. ಮುಂದಿನ ಎಲ್ಲ ಪರೀಕ್ಷೆಯನ್ನೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಇಲ್ಲದಿದ್ದರೆ ಇಳಿದಿದೆಯೋ ಏರಿದೆಯೋ ಹೋಲಿಸಲು ಬರುವುದಿಲ್ಲ.

ಇಲ್ಲಿ ಒಂದು ತಪ್ಪಾಯಿತು. ವರದಿ ಬಂದ ದಿನ ಆ ವೈದ್ಯೆ ರಜೆಯಲ್ಲಿದ್ದರು. ವರದಿ ನೋಡಿದ ಬೇರೊಬ್ಬರು ‘ಇವತ್ತಿನಿಂದಲೇ ಗೋಧಿ ಬಿಡಿ’ ಎಂದರು. ಬಿಟ್ಟೆ. ಏಳು ವಾರದ ನಂತರ ಹುಬ್ಬಳ್ಳಿಯ ಗ್ಯಾಸ್ಟ್ರೋ ತಜ್ಞರ ಸರದಿ ಸಿಕ್ಕಿತು. ಅವರು ಮೊದಲು ಕೇಳಿದ್ದೇ ಗೋಧಿ ತಿನ್ನುತ್ತಿದ್ದೀರಾ ಎಂದು. ವಯಸ್ಕರಲ್ಲಿ ಕಾಯಿಲೆ ಖಚಿತ ಮಾಡುವುದು ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದ ಮೇಲೆ. ಗೋಧಿ ಬಿಟ್ಟು ವಾರಗಳಾದರೆ ಕರುಳು ಮಾಯುತ್ತಾ ಬರುತ್ತದೆ, ಚೂರಿನಲ್ಲಿ ಗಾಯ ಸ್ಪಷ್ಟ ಕಾಣುವುದಿಲ್ಲ. ಜೀವಮಾನವಿಡೀ ಪಥ್ಯ ಮಾಡಬೇಕಾದ ಕಾಯಿಲೆಯನ್ನು ಅರೆಬರೆ ಪುರಾವೆಯ ಮೇಲೆ ಒಪ್ಪಿಕೊಳ್ಳಬೇಡಿ ಎಂದರು ಅವರು. ಮತ್ತೆ ಎಂಟು ವಾರ ದಿನಕ್ಕೆ ಎರಡು ಚಪಾತಿ ತಿಂದು ಬರಲು ಹೇಳಿ ಕಳಿಸಿದರು. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು ಎರಡೂವರೆಯಿಂದ ಮೂರು ಗ್ರಾಂ ಗ್ಲುಟನ್ ಇರುತ್ತದೆ, ಪರೀಕ್ಷೆಗೆ ಅಷ್ಟು ಸಾಕು.

ಆ ಎಂಟು ವಾರ ನಾನು ಮರೆಯುವಂಥದ್ದಲ್ಲ. ಬಿಟ್ಟಾಗ ಹೊಟ್ಟೆಗೆ ಸಿಕ್ಕಿದ್ದ ನೆಮ್ಮದಿ ಮೂರನೇ ದಿನಕ್ಕೇ ಹೋಯಿತು. ಉಬ್ಬರ, ವಾಂತಿ ಬಂದಂತಾಗುವುದು, ಮಲಗಿದರೆ ಏಳಲಾಗದ ಸುಸ್ತು. ತಟ್ಟೆಯಲ್ಲಿ ಚಪಾತಿ ಕಂಡರೆ ಅಳು ಬರುತ್ತಿತ್ತು. ಆದ್ದರಿಂದ ಈ ಬರಹ ಓದುವವರು ಬೇರೇನು ಮರೆತರೂ ಇದೊಂದು ನೆನಪಿಡಿ: ರಕ್ತ, ಎಂಡೋಸ್ಕೋಪಿ ಎರಡೂ ಮುಗಿಯುವ ತನಕ ಗೋಧಿ ಬಿಡಬೇಡಿ. ಮಕ್ಕಳ ವಿಷಯ ಸ್ವಲ್ಪ ಬೇರೆ. ಟಿಟಿಜಿ ಮಿತಿಯ ಹತ್ತು ಪಟ್ಟು ದಾಟಿ, ಎರಡನೇ ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯೂ ಹೌದೆಂದು ಬಂದರೆ ಮಕ್ಕಳ ತಜ್ಞರು ಚೂರು ತೆಗೆಯದೆಯೂ ನಿರ್ಧರಿಸಬಹುದು. ಅದೂ ತಜ್ಞರೇ ಮಾಡಬೇಕಾದ ತೀರ್ಮಾನ.

ಎಂಡೋಸ್ಕೋಪಿಯ ದಿನ ಮುಂಡಗೋಡ ಮಾರ್ಗವಾಗಿ ಹೋಗುವ ನಸುಕಿನ ಬಸ್ಸು ಹಿಡಿದೆವು. ಹಿಂದಿನ ರಾತ್ರಿ ಊಟ ಬೇಗ ಮುಗಿಸಿ ಎಂಟು ಗಂಟೆ ಏನೂ ತಿನ್ನದೆ ಇರಬೇಕು. ನಿದ್ದೆ ಬರುವ ಚುಚ್ಚುಮದ್ದು ಕೊಟ್ಟರೆ ಜೊತೆಗೊಬ್ಬರು ಬೇಕೇ ಬೇಕು. ಒಳಗಿನ ಕೆಲಸ ಹತ್ತು ಹದಿನೈದು ನಿಮಿಷ, ಹೊರಗೆ ಕಾದದ್ದು ನಾಲ್ಕು ತಾಸು. ಮೊದಲೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಗಾಯ ಕರುಳಿನ ತುಂಬ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ತೇಪೆಯ ಹಾಗೆ ಇರುತ್ತದೆ. ಹಾಗಾಗಿ ಡುವೋಡಿನಮ್ ಎಂಬ ಸಣ್ಣಕರುಳಿನ ಮೊದಲ ಭಾಗದ ಕೆಳಗಿನಿಂದ ಕನಿಷ್ಠ ನಾಲ್ಕು ಚೂರು, ಆರಂಭದ ಉಬ್ಬಿನಿಂದ ಒಂದೆರಡು ಚೂರು ತೆಗೆಯಬೇಕು. ಒಂದೇ ಚೂರು ತೆಗೆದು ‘ಸರಿಯಾಗಿದೆ’ ಎಂದು ಬಂದರೆ ನಂಬಲು ಆಗುವುದಿಲ್ಲ. ಬಯಾಪ್ಸಿ ಸೇರಿ 6,800 ರೂಪಾಯಿ, ಇಬ್ಬರ ಬಸ್ಸು, ಊಟ ಬೇರೆ. ವರದಿ ವಾರಕ್ಕೆ ಬಂತು: ಕರುಳಿನ ಸವೆತ ಅಳೆಯುವ ಮಾರ್ಷ್ ದರ್ಜೆಯಲ್ಲಿ 3ಬಿ. ವಿಲ್ಲೈ ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಎಂಡೋಸ್ಕೋಪಿ ಚಿತ್ರ, ಬಯಾಪ್ಸಿ ವರದಿ, ರಕ್ತದ ವರದಿ ಮೂರನ್ನೂ ಒಂದೇ ಕಡತದಲ್ಲಿಟ್ಟು ಒಂದು ಜೆರಾಕ್ಸ್ ಪ್ರತಿ ಬೇರೆ ಇಡಿ, ಪ್ರತಿ ಹೊಸ ವೈದ್ಯರೂ ಇವನ್ನೇ ಕೇಳುತ್ತಾರೆ. ಅದೇ ವಾರ ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್ ನೋಡಿದರು, ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನಿಗೂ ಬರೆದುಕೊಟ್ಟರು.

ಮದ್ದು ಏನು ಎಂದರೆ ಮದ್ದಿಲ್ಲ, ಪಥ್ಯವೇ ಮದ್ದು. ಇದು ತಿಳಿದದ್ದು ಎರಡನೇ ಮಹಾಯುದ್ಧದ ಆಚೀಚೆ, ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಂದ. 1944–45ರ ಬರಗಾಲದ ಚಳಿಗಾಲದಲ್ಲಿ ಬ್ರೆಡ್ ಸಿಗದೆ ಹೋದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ ಬಂದ ಮೇಲೆ ಮತ್ತೆ ಬಿದ್ದದ್ದು ಅವರ ಅನುಮಾನವನ್ನು ಗಟ್ಟಿ ಮಾಡಿತು.

ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ: ನಮ್ಮದು ಅಕ್ಕಿಯ ಊಟ, ಚಪಾತಿ ಬಿಟ್ಟರೆ ಮುಗಿಯಿತು. ನಾನೂ ಹಾಗೇ ನಂಬಿದ್ದೆ. ದೋಸೆ, ತೆಳ್ಳೇವು, ಕಡುಬು, ತಂಬ್ಳಿ, ಗಂಜಿ ಎಲ್ಲ ನಮ್ಮವೇ. ತೊಡೆದೇವು ಕೂಡ ಅಕ್ಕಿಹಿಟ್ಟು, ಕಬ್ಬಿನಹಾಲಿನದ್ದು. ಮೊದಲ ಎರಡು ತಿಂಗಳು ಹಾಲು ಕುಡಿದರೆ ಮಾತ್ರ ಹೊಟ್ಟೆ ಕೆಡುತ್ತಿತ್ತು. ಸವೆದ ಕರುಳಿನಲ್ಲಿ ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಕಡಿಮೆಯಾಗಿರುತ್ತದೆ, ಮಾಯ್ದ ಮೇಲೆ ತಾನಾಗಿ ಸರಿಹೋಗುತ್ತದೆ. ಹಿಮೋಗ್ಲೋಬಿನ್ 10.2ಕ್ಕೆ ಬಂತು, ತೂಕ ಮೂರು ಕಿಲೋ ಏರಿತು. ಆರು ತಿಂಗಳಿಗೆ ಟಿಟಿಜಿ ಮಾಡಿಸಿದೆ. 68ರಿಂದ 44ಕ್ಕೆ ಬಂದಿತ್ತು, ಅಷ್ಟೇ. ತಜ್ಞರು ಬೈಯಲಿಲ್ಲ, ‘ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಹೋಗುತ್ತಿದೆ, ಹುಡುಕಿ’ ಎಂದರು. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೋದರೂ ಕರುಳು ಕೆಡುತ್ತದೆ ಎಂದು ಪರೀಕ್ಷಿಸಿ ನೋಡಿದ್ದಾರೆ. ಅಂದರೆ ಒಂದು ಚಪಾತಿಯನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಹುಡುಕಿದಾಗ ಮೊದಲು ಸಿಕ್ಕಿದ್ದು ಇಂಗಿನ ಡಬ್ಬಿ. ಅಂಗಡಿಯ ಇಂಗು ಬರಿಯ ಇಂಗಲ್ಲ, ಅಂಟು ಮತ್ತು ಹಿಟ್ಟು ಬೆರೆಸಿದ್ದು. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ನಮ್ಮ ಅಡುಗೆಯಲ್ಲಿ ಇಂಗಿಲ್ಲದ ಒಗ್ಗರಣೆ ಎಲ್ಲಿದೆ? ಅಪ್ಪೆಹುಳಿಗೆ ಇಂಗು, ಗೊಜ್ಜಿಗೆ ಇಂಗು, ಸಾರಿನ ಪುಡಿಯಲ್ಲಿ ಇಂಗು, ಹೋದ ವರ್ಷದ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲೂ ಇಂಗು. ‘ಚಿಟಿಕೆ ಇಂಗಿಂದ ಎಂತ ಆಗ್ತು ತಂಗಿ?’ ಎಂದು ಅತ್ತೆ ಕೇಳಿದ್ದು ನಿಜವಾದ ಅಚ್ಚರಿಯಿಂದ. ಚಪಾತಿಯ ಐವತ್ತನೇ ಪಾಲನ್ನು ಹರಿದು ಅಂಗೈಯಲ್ಲಿಟ್ಟು ತೋರಿಸಿದೆ. ಆಮೇಲೆ ಅವರೇ ಆ ಭರಣಿಯನ್ನು ನಾದಿನಿಯ ಮನೆಗೆ ಕೊಟ್ಟು, ಈ ವರ್ಷ ನನಗೆಂದು ಇಂಗು ಹಾಕದೆ ಎರಡು ಸೇರು ಮಿಡಿ ಬೇರೆ ಹಾಕಿದರು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇದ್ದರೆ ಮಾತ್ರ ಕೊಳ್ಳಿ. ಬಿಡಿಯಾಗಿ ತೂಗಿ ಕೊಡುವ ಇಂಗು ಬೇಡ. ಸಿಗದಿದ್ದರೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ.

ಎರಡನೆಯದು ಗಿರಣಿ. ಪೇಟೆಯ ಹಿಟ್ಟಿನ ಗಿರಣಿಯಲ್ಲಿ ನಮ್ಮ ಅಕ್ಕಿಗೆ ಮೊದಲು ಯಾರದೋ ಗೋಧಿ ಬಿದ್ದಿರುತ್ತದೆ, ಕಲ್ಲಿನ ಸಂದಿಯಲ್ಲೂ ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲೂ ಅದು ಉಳಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಬಿಡಿ ಅಕ್ಕಿಹಿಟ್ಟು, ರಾಗಿಹಿಟ್ಟು, ಜೋಳದ ಹಿಟ್ಟು, ಕಡಲೆಹಿಟ್ಟಿಗೂ ಇದೇ ಮಾತು. ಈಗ ಅಕ್ಕಿಯನ್ನು ನಾಲ್ಕು ತಾಸು ನೆನೆಸಿ, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ತಂಪು ಹತ್ತಬೇಕು, ಕೈಗೆ ನೀರು ಅಂಟಬಾರದು. ಆ ಹದದಲ್ಲಿ ಮಿಕ್ಸಿಗೆ ಹಾಕಿ ಜರಡಿ ಹಿಡಿದರೆ ರೊಟ್ಟಿಗೆ, ಕಡುಬಿಗೆ ಒಳ್ಳೆಯ ಹಿಟ್ಟು. ಮಳೆಗಾಲದಲ್ಲಿ ನಮ್ಮಲ್ಲಿ ಹೀಗೆ ಆರುವುದಿಲ್ಲ, ಫ್ಯಾನಿನ ಕೆಳಗೆ ಒಂದು ರಾತ್ರಿ ಬೇಕು. ಪೂರ್ತಿ ಒಣಗದ ಹಿಟ್ಟು ನಾಲ್ಕು ದಿನಕ್ಕೆ ಹುಳಿವಾಸನೆ ಬರುತ್ತದೆ, ಅಷ್ಟಷ್ಟೇ ಮಾಡಿಕೊಳ್ಳಿ. ರಾಗಿ, ಜೋಳ ಕೊಂಡರೆ ಕಾಳಾಗಿಯೇ ಕೊಂಡು ಮೊರದಲ್ಲಿ ಕೇರಿ ಆರಿಸಿ, ನಡುವೆ ಗೋಧಿ ಕಾಳು ಸಿಗುವುದು ಅಪರೂಪವಲ್ಲ.

ಮೂರನೆಯದು ಅಡುಗೆಮನೆಯೇ. ಸ್ಟೀಲು, ಗಾಜು ಸೋಪಿನಲ್ಲಿ ತೊಳೆದರೆ ಸಾಕು. ಕಬ್ಬಿಣದ ಕಾವಲಿ, ಮರದ ಸೌಟು, ಲಟ್ಟಣಿಗೆ, ಮಣೆ, ಜರಡಿ ಇವುಗಳ ರಂಧ್ರದಲ್ಲಿ ಹಿಟ್ಟು ಕೂತಿರುತ್ತದೆ, ಇವು ಬೇರೆಯೇ ಆಗಬೇಕು. ಚಪಾತಿ ಸುಟ್ಟ ಕಾವಲಿಯಲ್ಲಿ ದೋಸೆ ಎರೆಯುವುದು ನಮ್ಮ ಮನೆಯಲ್ಲಿ ದಿನದ ಮಾತಾಗಿತ್ತು. ಹೊಸ ಕಾವಲಿಗೆ ಕೆಂಪು ಬಣ್ಣದ ಹಿಡಿಕೆ ಕಟ್ಟಿಸಿದೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಿಲ್ಲ, ಬೆಣ್ಣೆ ಡಬ್ಬಿಗೆ ಬ್ರೆಡ್ಡಿನ ಚಮಚ ಹಾಕುವಂತಿಲ್ಲ. ಮನೆಯವರೆಲ್ಲ ಗೋಧಿ ಬಿಡಬೇಕೆಂದಿಲ್ಲ. ನಮ್ಮಲ್ಲಿ ಚಪಾತಿ ವಾರಕ್ಕೆರಡು ದಿನ, ನನ್ನ ಅಡುಗೆ ಮುಗಿಸಿ ಮುಚ್ಚಿಟ್ಟ ಮೇಲೆ. ಗೋಧಿಹಿಟ್ಟು ಗಾಳಿಯಲ್ಲಿ ಹಾರುತ್ತದೆ, ಅದಕ್ಕೇ ಈ ಸರದಿ.

ಪೊಟ್ಟಣ ಓದುವುದನ್ನು ಕಲಿಯಲು ತಿಂಗಳು ಬೇಕು. ಭಾರತದ ಆಹಾರ ಸುರಕ್ಷತಾ ನಿಯಮದಂತೆ ‘ಗ್ಲುಟನ್ ಫ್ರೀ’ ಎಂದು ಬರೆಯಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಆ ಬರಹ ಇಲ್ಲದಿದ್ದರೆ ಪಟ್ಟಿಯಲ್ಲಿ ಮೈದಾ, ಸೂಜಿ, ರವೆ, ಮಾಲ್ಟ್, ಬಾರ್ಲಿ ಹುಡುಕಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ, ಸೋಯಾ ಸಾಸ್, ಬಿಯರ್ ಎಲ್ಲದರಲ್ಲೂ ಇವು ಬರುತ್ತವೆ. ಮಾಲ್ಟೋಡೆಕ್ಸ್ಟ್ರಿನ್ ಎಂದಿದ್ದರೆ ಹೆದರಬೇಕಿಲ್ಲ, ಅದು ಮಾಲ್ಟ್ ಅಲ್ಲ. ಆಯುರ್ವೇದದ ಲೇಹ್ಯ, ಅರಿಷ್ಟದ ಪಟ್ಟಿಯಲ್ಲಿ ‘ಯವ’ ಎಂದಿದ್ದರೆ ಅದು ಬಾರ್ಲಿ. ಜವೆಗೋಧಿ, ಸದಕ, ಕಪ್ಲಿ ಎಂದು ‘ಹಳೆಯ ತಳಿ, ಇದು ಆಗುತ್ತದೆ’ ಎಂದು ಪ್ರೀತಿಯಿಂದ ತಂದುಕೊಡುವವರಿದ್ದಾರೆ. ಅದೂ ಗೋಧಿಯೇ, ಆಗುವುದಿಲ್ಲ. ಓಟ್ಸ್ ಗೋಧಿಯ ಜೊತೆ ಬೆರೆತೇ ಬರುವುದು ಹೆಚ್ಚು, ಮೊದಲ ವರ್ಷ ಬೇಡವೇ ಬೇಡ ಎಂದರು. ಅನ್ನವೊಂದನ್ನೇ ತಿಂದರೆ ನಾರು ಸಾಲದೆ ಮಲಬದ್ಧತೆ ಬರುತ್ತದೆ. ಕುಚಲಕ್ಕಿ, ರಾಗಿ, ಹುರುಳಿ, ಹೆಸರು ನಡುನಡುವೆ ಇರಲಿ. ಜೋಳದ ಹಿಟ್ಟು ನಾದುವಾಗ ಹರಿದರೆ ಒಂದು ಲೋಟ ಹಿಟ್ಟಿಗೆ ಒಂದು ಚಮಚ ಇಸಬಗೋಲು ಸೇರಿಸಿ ಬಿಸಿನೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಲಟ್ಟಿಸಲು ಬರುತ್ತದೆ.

ಹೊರಗಿನ ಊಟದ ಸಂಗತಿ ಕರಾವಳಿಯವರಿಗೆ ಬೇರೆಯೇ. ಹುಬ್ಬಳ್ಳಿಯಲ್ಲಿ ಕಾಯುವಾಗ ಪರಿಚಯವಾದ ಕಾರವಾರದ ಅಕ್ಕ ಒಬ್ಬರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮೀನಿನ ಸಾರು, ಅನ್ನ, ಸೋಲ್ ಕಡಿಗೆ ತೊಂದರೆ ಇಲ್ಲ. ತೊಂದರೆ ಇರುವುದು ರವಾ ಫ್ರೈಯಲ್ಲಿ. ರವೆ ಹಚ್ಚಬೇಡಿ ಎಂದು ಹೇಳಿದರೂ ಅದೇ ಕಾವಲಿ, ಅದೇ ಎಣ್ಣೆ. ಅವರು ಬಂಗಡೆಗೆ ಖಾರ ಹಚ್ಚಿ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಮನೆಯಲ್ಲೇ ಹುರಿಯುತ್ತಾರೆ, ಹೊರಗೆ ಸಾರು ಮಾತ್ರ. ಪಾವು, ಬನ್ಸು, ಗೋಳಿಬಜೆ ಎಲ್ಲ ಮೈದಾ. ಇಗರ್ಜಿಯ ಪರಮಪ್ರಸಾದವೂ ಗೋಧಿಯದೇ ಆದ್ದರಿಂದ ಗುರುಗಳ ಹತ್ತಿರ ಮಾತಾಡಿದ್ದಾರಂತೆ. ಅತಿ ಕಡಿಮೆ ಗ್ಲುಟನ್ ಇರುವ ಹೋಸ್ತಿಯನ್ನು ಚರ್ಚು ಒಪ್ಪುತ್ತದೆ. ಪರೀಕ್ಷೆಗೆ ಭಟ್ಕಳ, ಹೊನ್ನಾವರ, ಕುಮಟಾದವರಿಗೆ ರೈಲಿನಲ್ಲಿ ಉಡುಪಿಗೆ ಹೋಗಿ ಮಣಿಪಾಲ ಸೇರುವುದು ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವುದಕ್ಕಿಂತ ಸಲೀಸು.

ನಮ್ಮ ಕಡೆಯ ಮದುವೆ, ಉಪನಯನಕ್ಕೆ ನಾನು ಕಂಡುಕೊಂಡ ದಾರಿ: ಹಿಂದಿನ ದಿನವೇ ಅಡುಗೆ ಭಟ್ಟರಿಗೆ ಫೋನು ಮಾಡುವುದು, ನನ್ನ ಇಂಗಿನ ಡಬ್ಬಿ ಕಳಿಸುವುದು ಅಥವಾ ಒಗ್ಗರಣೆಗೆ ಮೊದಲು ಸ್ವಲ್ಪ ಸಾರು, ತಂಬ್ಳಿ ತೆಗೆದಿಡಲು ಕೇಳುವುದು. ‘ಅಡ್ಡಿಲ್ಲೆ ಅಕ್ಕ, ಬೇರೆ ತೆಗೆದಿಡ್ತಿ’ ಎಂದವರೇ ಎಲ್ಲರೂ, ಒಬ್ಬರೂ ಬೇಸರಿಸಲಿಲ್ಲ. ಕೂರುವುದು ಮೊದಲ ಪಂಕ್ತಿಗೆ. ಎರಡನೇ ಪಂಕ್ತಿಯ ಹೊತ್ತಿಗೆ ಹೋಳಿಗೆ ಬಡಿಸಿದ ಕೈ ಪಲ್ಯದ ಪಾತ್ರೆಗೂ ಹೋಗಿರುತ್ತದೆ.

ಸತ್ಯನಾರಾಯಣ ಪೂಜೆಯ ಸಪಾದಕ್ಕೆ ಗೋಧಿ ರವೆಯೇ ವಾಡಿಕೆ. ಪ್ರಸಾದ ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟದ್ದು. ಈಗ ನಮ್ಮ ಮನೆಯಲ್ಲಿ ಅಕ್ಕಿ ರವೆಯದು. ಒಂದೂಕಾಲು ಲೋಟ ರವೆಯನ್ನು ಒಂದೂಕಾಲು ಲೋಟ ತುಪ್ಪದಲ್ಲಿ ಘಮ ಬರುವಷ್ಟು ಹುರಿದು, ಒಂದೂಕಾಲು ಲೋಟ ಹಾಲಿಗೆ ಎರಡೂವರೆ ಲೋಟ ನೀರು ಸೇರಿಸಿ ಕುದಿಸಿ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಹದಿನೈದು ನಿಮಿಷ. ಅಗುಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾದ ಮೇಲೆಯೇ ಸಕ್ಕರೆ, ಬಾಳೆಹಣ್ಣು. ಸಕ್ಕರೆ ಮೊದಲೇ ಬಿದ್ದರೆ ಅಕ್ಕಿ ರವೆ ಮುಂದೆ ಬೇಯುವುದಿಲ್ಲ, ಮೊದಲ ಸಲ ನನ್ನದು ಹಾಗೇ ಗಟ್ಟಿಯಾಯಿತು. ಬೇಯಿಸಿದ ಅಕ್ಕಿ ಮುಸುರೆ ಎನ್ನುವ ಮನೆಗಳಲ್ಲಿ, ಕಡಲೆಬೇಳೆಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿದ ಪಂಚಕಜ್ಜಾಯ ಆಗುತ್ತದೆ. ಒಪ್ಪತ್ತಿನ ರಾತ್ರಿಗೆ ಸಾಬುದಾಣೆ, ಸಾಮೆ.

ಇಂಗು, ಗಿರಣಿ, ಕಾವಲಿ ಮೂರನ್ನೂ ಬದಲಿಸಿ ಏಳು ತಿಂಗಳಿಗೆ, ಹೋದ ವಾರ ಬಂದ ವರದಿಯಲ್ಲಿ ಟಿಟಿಜಿ 7. ಹಿಮೋಗ್ಲೋಬಿನ್ 12.3, ಗುಳಿಗೆ ನಿಲ್ಲಿಸಿದ್ದಾರೆ. ರಕ್ತ ಸರಿಯಾದರೂ ವಯಸ್ಕರ ಕರುಳು ಪೂರ್ತಿ ಮಾಯಲು ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಇನ್ನು ವರ್ಷಕ್ಕೊಮ್ಮೆ ರಕ್ತ ಕೊಟ್ಟರೆ ಸಾಕು.

ಒಡಹುಟ್ಟಿದವರು, ಹೆತ್ತವರು, ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಇರಬಹುದಾದ್ದರಿಂದ ಅವರೂ ಪರೀಕ್ಷೆ ಮಾಡಿಸಬೇಕು, ಏನೂ ತೊಂದರೆ ಕಾಣದಿದ್ದರೂ. ಆಯಿಯದು, ತಂಗಿಯದು ಇಲ್ಲವೆಂದು ಬಂತು. ಮಗನ ರಕ್ತ ಮುಂದಿನ ಸೋಮವಾರ ಕೊಡುವುದಿದೆ. ಅವನ ರಾತ್ರಿಯ ಎರಡು ಚಪಾತಿಯನ್ನು ಅಲ್ಲಿಯವರೆಗೆ ನಿಲ್ಲಿಸಿಲ್ಲ. ನನ್ನ ಅಡುಗೆ ಮುಚ್ಚಿಟ್ಟ ಮೇಲೆ, ಹಳೆಯ ಕಾವಲಿಯಲ್ಲಿ ಅತ್ತೆ ಸುಟ್ಟು ಕೊಡುತ್ತಾರೆ.